ಚನ್ನಾಜಮ್ಮನ ಮಗ ಸೈಕಲ್ ಸಿದ್ಧ ಮಾಡಿದ್ದು

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಹೊಟ್ಟೆ ಹಿಡ್ಕೊಂಡು ಕೂತ್ಕೊಳ್ಳಿ. ಹುಣಸೇಕಟ್ಟೆ ಅಂತ ಒಂದು ಪೇಟೆ. ಆ ಪೇಟೇಲಿ ಚನ್ನಾಜಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲೆತ್ತರ, ಬುದ್ಧಿ ನೋಡಿದರೆ ಹೊಸ್ತಿಲೆತ್ತರ. ಸುಳ್ಳಿಲ್ಲ, ಕಳ್ಳತನ ಇಲ್ಲ, ಸೋಮಾರಿತನ ಮೊದಲೇ ಇಲ್ಲ. ಹೇಳಿದ ಕೆಲಸ ಮಾಡ್ತಿದ್ದ. ಅದೇ ಬಂದದ್ದು ತೊಂದರೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ!

"ಲೋ ಬೋರ, ಹಾಲು ಉಕ್ಕುತ್ತೇನೋ ನೋಡ್ತಾ ಇರು" ಅಂತ ಹೇಳಿ ಚನ್ನಾಜಮ್ಮ ನೀರಿಗೆ ಹೋದಳು ಅನ್ನಿ. ಬರೋ ಹೊತ್ತಿಗೆ ಪಾತ್ರೆ ಖಾಲಿ, ಒಲೆ ಆರಿದೆ, ಇವನು ಕುಕ್ಕರುಗಾಲಲ್ಲಿ ಕೂತಿದಾನೆ.

"ಏನೋ ಇದು!"

"ನೋಡ್ದೆ ಅವ್ವ. ಚೆನ್ನಾಗಿ ಉಕ್ತು."

ಚನ್ನಾಜಮ್ಮ ಹಪ್ಪಳ ಒತ್ತಿ ಬದುಕು ಮಾಡೋಳು. ಹಪ್ಪಳ ಒತ್ತುವಾಗೆಲ್ಲ ಅವಳಿಗೆ ಒಂದೇ ಯೋಚನೆ. "ನಾನು ಕಣ್ಮುಚ್ಚಿದ ಮೇಲೆ ಇವನ ಗತಿ ಏನು ಶಿವನೇ? ಇವನನ್ನ ಯಾರು ಕೆಲಸಕ್ಕೆ ಇಟ್ಕೋತಾರೆ?"

ಆ ಪೇಟೇಲಿ ಹಳೇ ಸೈಕಲ್ ಹುಚ್ಚಿನವರದು ಒಂದು ಗುಂಪಿತ್ತು. ಊರೆಲ್ಲ ಮೋಟರ್ ಬೈಕು ಹತ್ತಿದರೂ ಇವರು ಮಾತ್ರ ಅಜ್ಜನ ಕಾಲದ ಕಪ್ಪು ಸೈಕಲ್ ಬಿಟ್ಟು ಇಳಿಯೋರಲ್ಲ. ಭಾನುವಾರ ಬಂತು ಅಂದರೆ ಓಂಕಾರಪ್ಪನವರ ಸೈಕಲ್ ಅಂಗಡಿ ಮುಂದೆ ಸೇರೋರು. "ನನ್ನ ಮಡ್‌ಗಾರ್ಡ್ ತಗೋ, ನಿನ್ನ ಚೈನ್ ಕವರ್ ಕೊಡು!" "ಈ ರಿಮ್ಮಿಗೆ ಆ ರಿಮ್ಮು ಸಮನೇನಯ್ಯ?" "ಮುಟ್ಟಬೇಡ, ಅದು ನಮ್ಮ ಮಾವನ ಹಬ್ಬು!" ಹೀಗೆ ಕೊಡೋದು, ತಗೊಳ್ಳೋದು, ಒರೆಸೋದು, ಹೊಳೆಸೋದು.

ಚನ್ನಾಜಮ್ಮನ ತೀರಿಹೋದ ಗಂಡನದೂ ಅಂಥದೇ ಒಂದು ಸೈಕಲ್ಲು ಹಿತ್ತಲ ಚಪ್ಪರದಡಿ ಬಿದ್ದಿತ್ತು. ಬೆಲ್ಲಿಲ್ಲ, ಸೀಟಿಲ್ಲ, ಲ್ಯಾಂಪಿಲ್ಲ, ಚಕ್ರದಲ್ಲಿ ಗಾಳಿಯಂತೂ ಇಲ್ಲವೇ ಇಲ್ಲ. ಒಂದು ದಿನ ಹಪ್ಪಳ ಕೊಂಡುಕೊಳ್ಳೋಕೆ ಬಂದ ಓಂಕಾರಪ್ಪನವರು ಅದನ್ನ ನೋಡಿದರು. ನೋಡಿ ಕೈ ಮುಗಿದೇಬಿಟ್ಟರು.

"ಚನ್ನಾಜಮ್ಮ, ಇಂಥ ಸೈಕಲ್ಲು ಈಗ ಹುಡುಕಿದರೂ ಸಿಗಲ್ಲ! ಇದನ್ನ ಸಿದ್ಧ ಮಾಡಿಸಿ. ಯುಗಾದಿ ಕಳೆದ ಭಾನುವಾರ ನಾವೆಲ್ಲ ಮರಡಿ ಗುಡ್ಡ ಹತ್ತಿ ಇಳಿದು ಕೆಂಪನಕೆರೆ ಏರಿವರೆಗೆ ಸವಾರಿ ಹೋಗ್ತೀವಿ. ನಿಮ್ಮ ಹುಡುಗನೂ ಬರಲಿ."

"ಇವನು ಬಂದರೆ ನಿಮಗೇ ತಾಪತ್ರಯ ಓಂಕಾರಪ್ಪೋರೇ."

"ಬರಲಿ ಬಿಡಿ. ಸೈಕಲ್ಲಿಗೆ ಒಂದು ಗೀರೂ ಬೀಳದ ಹಾಗೆ ತಂದು ಮುಟ್ಟಿಸಲಿ, ನಾನೇ ಅವನನ್ನ ಅಂಗಡಿ ಕೆಲಸಕ್ಕೆ ಸೇರಿಸ್ಕೋತೀನಿ."

ಚನ್ನಾಜಮ್ಮನಿಗೆ ಕಣ್ಣಲ್ಲಿ ನೀರು ಬಂತು. ಅವತ್ತೇ ಶುರು ಮಾಡಿದಳು.

ಮೊದಲು ಬೆಲ್ಲು. ಒಂದು ಕಟ್ಟು ಹಪ್ಪಳ ಕೊಟ್ಟು, "ಇದನ್ನ ಓಂಕಾರಪ್ಪೋರಿಗೆ ಕೊಟ್ಟು ಬೆಲ್ ಇಸ್ಕೊಂಡು ಬಾ. ದಾರೀಲಿ ದೊಡ್ಡೋರು ಸಿಕ್ಕಿದರೆ ಕೈ ಮುಗಿ, ಮರ್ಯಾದೆ ಇರಲಿ" ಅಂದಳು. ಬೋರ ಹೋದ. ಬೆಲ್ ಇಸ್ಕೊಂಡ. ಕೈಯಲ್ಲಿ ಹಿಡ್ಕೊಂಡು ಟ್ರಿಣ್ ಟ್ರಿಣ್ ಅನ್ನಿಸ್ತಾ ಬಂದ. ಎದುರಿಗೆ ಶಾನುಭೋಗರು ಬಂದರು. ಬೋರ ಎರಡೂ ಕೈ ಎತ್ತಿ ಜೋಡಿಸಿ ಮುಗಿದ. ಬೆಲ್ಲು? ಮೋರಿಗೆ ಬಿತ್ತು, ಬುಳುಕ್!

"ಅಯ್ಯೋ ಪೆದ್ದೇ! ಸಾಮಾನನ್ನ ಕೈಯಲ್ಲಿ ಹಿಡ್ಕೊಂಡು ಕೈ ಮುಗೀತಾರೇನೋ? ಲುಂಗೀಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಬರಬೇಕು ಕಣೋ!"

"ಆಗ್ಲಿ ಬಿಡವ್ವ, ಮುಂದಿನ ಸಲ ಹಾಗೇ ಮಾಡ್ತೀನಿ."

ಮಾರನೇ ದಿನ ಗ್ರೀಸು ಬೇಕಾಯ್ತು. "ಒಂದು ಹಿಡಿ ಗ್ರೀಸು ತಗೊಂಡು ಬಾ" ಅಂದಳು. ಬೋರ ಹೋದ. ಅಂಗಡೀಲಿ ಕೆಲಸ ಮಾಡೋ ನಜೀರ್ ಸಾಬರು ಎಲೆ ಮೇಲೆ ಹಾಕಿ ಕೊಟ್ಟರು. ಬೋರನಿಗೆ ಅವ್ವನ ಮಾತು ನೆನಪಿತ್ತು. ಎಲೆ ಬಿಸಾಕಿದ, ಗ್ರೀಸನ್ನ ಲುಂಗೀಲಿ ಸುತ್ತಿದ, ಸೊಂಟಕ್ಕೆ ಸಿಕ್ಕಿಸಿದ. ಸುಡೋ ಬಿಸಿಲು. ಗ್ರೀಸು ಕರಗಿತು. ತೊಡೆಗೆ ಇಳೀತು, ಮೊಣಕಾಲಿಗೆ ಇಳೀತು, ಚಪ್ಪಲಿಗೆ ಇಳೀತು. ಕೊನೆಗೆ ಲುಂಗಿಯೂ ಜಾರಿ ಇಳೀತು! ಅಂಡರ್‌ವೇರಲ್ಲಿ ಮನೆಗೆ ಬಂದ.

"ಲುಂಗಿ ಎಲ್ಲೋ?"

"ಜಾರಿ ಜಾರಿ ಹೋಯ್ತವ್ವ. ಒಳ್ಳೇ ಗ್ರೀಸು!"

ಚನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಂಥದ್ದನ್ನ ಡಬ್ಬಿಗೆ ಹಾಕಿಸ್ಕೋಬೇಕು ಕಣೋ! ಮುಚ್ಚಳ ಬಿಗಿಯಾಗಿ ಹಾಕಿ, ಮೇಲೆ ಕೈ ಅದುಮಿ ಹಿಡ್ಕೊಂಡು ಬರಬೇಕು!"

"ಆಗ್ಲಿ ಬಿಡವ್ವ, ಮುಂದಿನ ಸಲ ಹಾಗೇ ಮಾಡ್ತೀನಿ."

ಆಮೇಲೆ ಚಕ್ರಕ್ಕೆ ಗಾಳಿ. "ಹೋಗಿ ಗಾಳಿ ಹೊಡೆಸ್ಕೊಂಡು ಬಾರೋ" ಅಂದಳು. ಬೋರ ಅಡುಗೆಮನೇಲಿದ್ದ ಸಾರಿನಪುಡಿ ಡಬ್ಬಿ ಖಾಲಿ ಮಾಡಿದ, ಕಂಕುಳಲ್ಲಿ ಇಟ್ಕೊಂಡ, ಹೋದ.

"ಏನಪ್ಪಾ ಬೋರಣ್ಣ?" ಅಂದರು ನಜೀರ್ ಸಾಬರು.

"ಗಾಳಿ."

"ಸೈಕಲ್ಲೆಲ್ಲಿ?"

"ಡಬ್ಬಿ ಇದೆಯಲ್ಲ!"

ನಜೀರ್ ಸಾಬರಿಗೆ ನಗು ತಡೆಯೋಕಾಗಲಿಲ್ಲ. ಪಂಪು ತಂದು ಡಬ್ಬಿಗೆ ಬುಸ್ ಬುಸ್ ಅಂತ ಹೊಡೆದೇ ಹೊಡೆದರು. "ಸಾಕಾ?" "ಇನ್ನೊಂದು ಸ್ವಲ್ಪ ಹಾಕಿ, ಎರಡು ಚಕ್ರಕ್ಕೆ ಬೇಕು!" ಬೋರ ಪಟ್ಟನೆ ಮುಚ್ಚಳ ಹಾಕಿದ, ಅದುಮಿ ಹಿಡಿದ, ಉಸಿರು ಬಿಗಿಹಿಡಿದು ಮನೆಗೆ ಬಂದ. ಚನ್ನಾಜಮ್ಮ ಡಬ್ಬಿ ಇಸ್ಕೊಂಡು ಮುಚ್ಚಳಕ್ಕೆ ಕೈ ಹಾಕಿದಳು.

"ಅಯ್ಯಯ್ಯೋ ತೆಗೀಬೇಡವ್ವಾ, ಹೋಗಿಬಿಡುತ್ತೆ!"

ತೆಗೆದಳು. ಸಾರಿನಪುಡಿ ಘಾಟಿಗೆ ಅವಳು ಸೀನಿದಳು.

"ನೋಡು! ಹೋಯ್ತಲ್ಲ!" ಅಂದ ಬೋರ.

"ನನ್ನ ಜೀವ ಹೋಗ್ತಾ ಇದೆ ಕಣೋ! ಸೈಕಲ್ಲನ್ನೇ ತಗೊಂಡು ಹೋಗಬೇಕು. ಆಮೇಲೆ ಹೆಬ್ಬೆಟ್ಟಲ್ಲಿ ಒತ್ತಿ ನೋಡಬೇಕು. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಸರಿ, ಮೆತ್ತಗಿದ್ದರೆ ಪ್ರಯೋಜನ ಇಲ್ಲ. ತಿಳೀತಾ?"

"ತಿಳೀತವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ಅವತ್ತು ಚನ್ನಾಜಮ್ಮ ತಾನೇ ಸೈಕಲ್ ತಳ್ಳಿಕೊಂಡು ಹೋಗಿ ಗಾಳಿ ಹೊಡೆಸಿದಳು. ಬೋರನ್ನ ಕಳಿಸಿದ್ದು ಸೀಟಿಗೆ. ಗುಂಪಿನಲ್ಲಿ ಒಬ್ಬರು ತಮ್ಮ ಹತ್ತಿರ ಇದ್ದ ಹಳೇ ಚರ್ಮದ ಸೀಟು ಕೊಡೋಕೆ ಒಪ್ಪಿದ್ದರು. ಕೆಳಗೆ ಸ್ಪ್ರಿಂಗು, ಮೇಲೆ ಬೆಣ್ಣೆಯಂಥ ಚರ್ಮ. ಬೋರ ಹೆಬ್ಬೆಟ್ಟು ಒತ್ತಿದ. ತಗ್ಗಿತು. ಇನ್ನೊಂದು ಸಲ ಒತ್ತಿದ. ಇನ್ನೂ ತಗ್ಗಿತು.

"ಇದು ಬೇಡ. ಪ್ರಯೋಜನ ಇಲ್ಲ" ಅಂದ.

"ಮತ್ಯಾವುದಯ್ಯ ಬೇಕು?"

ಬೋರ ಆ ಮನೆಯ ಪಡಸಾಲೆ, ನಡುಮನೆ ಎಲ್ಲ ತಿರುಗಿ, ಕಂಡಕಂಡದ್ದನ್ನ ಒತ್ತಿದ. ಹಾಸಿಗೆ ಒತ್ತಿದ, ದಿಂಬು ಒತ್ತಿದ, ಮಲಗಿದ್ದ ಅಜ್ಜನ ಹೊಟ್ಟೆಯನ್ನೂ ಒತ್ತಿದ. ಕೊನೆಗೆ ಊಟಕ್ಕೆ ಕೂರೋ ಹಲಸಿನ ಮಣೆ ಸಿಕ್ತು. ಒತ್ತಿದ. ಕಲ್ಲು! "ಇದೇ ಸರಿ" ಅಂತ ತಲೆ ಮೇಲೆ ಹೊತ್ಕೊಂಡು ಬಂದ.

"ಇದರ ಮೇಲೆ ಕೂತು ಸೈಕಲ್ ಹೊಡೀತೀಯೇನೋ? ಮೂಳೆ ಉಳಿಯುತ್ತಾ? ಯಾವ ವಸ್ತುವಾಗಲಿ ಮೊದಲು ಅದರ ಮೇಲೆ ಕೂತು ನೋಡಬೇಕು ಕಣೋ! ಕೂತರೆ ಹಿತವಾಗಿರಬೇಕು!"

"ಕೂತು ನೋಡ್ತೀನವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ಮುಂದಿನ ಸಲ ಬಂದದ್ದು ಲ್ಯಾಂಪು. ಅಯ್ಯೋ, ಬೇಡ ಬಿಡಿ, ಹೇಳಲೇಬಾರದು. ಗುಂಡನೆಯ ಗಾಜು, ಸುತ್ತ ಹಿತ್ತಾಳೆ ಬಳೆ. ಓಂಕಾರಪ್ಪನವರು ಅದನ್ನ ಬಟ್ಟೇಲಿ ಒರೆಸಿ ಒರೆಸಿ ಬೋರನ ಕೈಗೆ ಕೊಟ್ಟರು. ಬೋರ ಅದನ್ನ ಜಗಲಿ ಮೇಲೆ ಇಟ್ಟ. ಲುಂಗಿ ಸರಿ ಮಾಡ್ಕೊಂಡ. ಕೂತ.

ಚರಕ್!

"ಹಿತವಾಗಿಲ್ಲ ದೊಡ್ಡಪ್ಪ" ಅಂದ ಬೋರ.

ಓಂಕಾರಪ್ಪನವರ ಬಾಯಿ ತೆರೆದದ್ದು ತೆರೆದ ಹಾಗೇ ಉಳೀತು. ಚನ್ನಾಜಮ್ಮ ಓಡಿ ಬಂದಳು. ಮಗನನ್ನ ಮಕಾಡೆ ಮಲಗಿಸಿ ಗಾಜು ಕಿತ್ತಳು. ಕೀಳ್ತಾ ಬೈದಳು, ಬೈತಾ ಅತ್ತಳು. "ಬೆಲೆ ಬಾಳೋ ಸಾಮಾನಿನ ಮೇಲೆ ಕೂರ್ತಾರೇನೋ ಪಾಪಿ! ಅಂಥದ್ದನ್ನ ಹಳೇ ಸೀರೇಲಿ ಸುತ್ತಬೇಕು. ಒಳಗೆ ಮೆತ್ತನೆ ಹುಲ್ಲು ಇಡಬೇಕು. ಎಳೇ ಮಗೂನ ಹಾಗೆ ಎದೆಗೆ ಅವಚಿಕೊಂಡು, ನೆಲಕ್ಕೆ ತಾಗಿಸದೆ, ಮೆಲ್ಲಗೆ ನಡ್ಕೊಂಡು ಬರಬೇಕು!"

"ಆಗ್ಲಿ... ಆಯ್! ಆಗ್ಲಿ ಬಿಡವ್ವ, ಮುಂದಿನ ಸಲ ಹಾಗೇ ಮಾಡ್ತೀನಿ."

ಓಂಕಾರಪ್ಪನವರು ದೊಡ್ಡ ಮನುಷ್ಯ. ಬೇರೆ ಲ್ಯಾಂಪು, ಬೇರೆ ಬೆಲ್ಲು ತಾವೇ ಹಾಕಿದರು. ಚನ್ನಾಜಮ್ಮ ಮಣೆ ವಾಪಸು ಕೊಟ್ಟು ಚರ್ಮದ ಸೀಟು ತಂದಳು. ಸವಾರಿಯ ಹಿಂದಿನ ಸಂಜೆ ಓಂಕಾರಪ್ಪನವರೇ ಕೂತು ಎಲ್ಲ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದರು. ಜೋಡಿಸುವಾಗ ಸುತ್ತ ಗುಂಪೆಲ್ಲ ಸೇರಿ ಮಾತೋ ಮಾತು. ಸೈಕಲ್ಲು ಮದುವಣಗಿತ್ತಿ ಹಾಗೆ ಹೊಳೀತಿತ್ತು.

"ಬೆಲೆ ಬಾಳೋ ಸಾಮಾನು ಕಣೋ ಬೋರ. ಹುಷಾರು! ನಾಳೆ ಎಲ್ಲರ ಹಿಂದೆ ಬಾ" ಅಂದರು.

ಭಾನುವಾರ ಬೆಳಗ್ಗೆ ಸೈಕಲ್ಲುಗಳು ಹೊರಟವು. ಮರಡಿ ಏರು ಕಷ್ಟ, ಆಚೆ ಬದಿಯ ಇಳಿಜಾರು ಇನ್ನೂ ಕಷ್ಟ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳವಾದ ಕಲ್ಲುಕ್ವಾರಿ. ಚನ್ನಾಜಮ್ಮ ಉಪ್ಪಿಟ್ಟಿನ ಪಾತ್ರೆ ಇಟ್ಕೊಂಡು ಟೆಂಪೋದಲ್ಲಿ ಮೊದಲೇ ಹೋಗಿ ಕೆರೆ ಏರಿ ಮೇಲೆ ಕಾಯ್ತಾ ಕೂತಿದ್ದಳು. ಓಂಕಾರಪ್ಪನವರು ಬಂದರು. ನಜೀರ್ ಸಾಬರು ಬಂದರು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಬೋರ ಬರಲಿಲ್ಲ.

"ನನ್ನ ಮಗ ಎಲ್ಲಿ?"

"ಹಿಂದೆ ಬರ್ತಿದ್ದ ಅಂತ..."

ಉಪ್ಪಿಟ್ಟು ಆರಿತು. ಬಿಸಿಲು ಏರಿತು. ಬೋರ ಬರಲಿಲ್ಲ. ಚನ್ನಾಜಮ್ಮನ ಕಣ್ಣ ಮುಂದೆ ಆ ಇಳಿಜಾರು ಬಂತು, ಆ ಕ್ವಾರಿ ಬಂತು. "ಕೆಲಸಾನೂ ಬೇಡ, ಏನೂ ಬೇಡ ಶಿವನೇ, ನನ್ನ ಪೆದ್ದನ್ನ ನನಗೆ ಕೊಡು" ಅಂತ ಸೆರಗು ಬಾಯಿಗೆ ಒತ್ತಿಕೊಂಡು ದಾರಿಗೆ ಓಡಿದಳು. ಗಂಡಸರೂ ಹಿಂದೆ ಓಡಿದರು.

ತಿರುವಿನಲ್ಲಿ ಏನೋ ಕಾಣಿಸ್ತು. ದೊಡ್ಡ ಹಸಿರು ಗಂಟು. ಗಂಟಿನ ಕೆಳಗೆ ಎರಡು ಕಾಲು. ಗಂಟಿನ ಸಂದೀಲಿ ಇಣುಕೋ ಹುಲ್ಲು. ಮೆಲ್ಲಗೆ, ಮೆಲ್ಲಗೆ ಬರ್ತಾ ಇದೆ. ಚನ್ನಾಜಮ್ಮನ ಹಳೇ ಹಸಿರು ಸೀರೇಲಿ ಸೈಕಲ್ಲನ್ನ ಸುತ್ತಿ, ಪೇಟೆಯಿಂದಲೇ ಎದೆಗೆ ಅವಚಿಕೊಂಡು, ಬೆವರು ಸುರಿಸ್ತಾ ಬೋರಲಿಂಗ ಬಂದ!

"ಶ್! ನೆಲಕ್ಕೆ ತಾಗಿಸಿಲ್ಲ ಅವ್ವ" ಅಂದ, ಪಿಸುಮಾತಲ್ಲಿ.

ಸೇರಿದ್ದೋರೆಲ್ಲ ಹೋ ಅಂತ ನಕ್ಕರು. ಚನ್ನಾಜಮ್ಮ ನಗಲಿಲ್ಲ, ಬೈಯಲಿಲ್ಲ. ಮಗನ ಮುಖ, ಕೈ, ಮೊಣಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲ ಇದ್ದವು.

ಓಂಕಾರಪ್ಪನವರು ನಗ್ತಾ ನಗ್ತಾ ಸೀರೆ ಬಿಚ್ಚಿ ಸೈಕಲ್ ಕೆಳಗಿಳಿಸಿದರು. ಹ್ಯಾಂಡಲ್ ಹಿಡಿದು ತಿರುಗಿಸಿದರು. ಹ್ಯಾಂಡಲ್ಲು ಎಡಕ್ಕೆ ತಿರುಗಿತು. ಚಕ್ರ ತಿರುಗಲಿಲ್ಲ. ಬಲಕ್ಕೆ ತಿರುಗಿಸಿದರು. ಹ್ಯಾಂಡಲ್ಲು ಬಲಕ್ಕೆ ಹೋಯ್ತು, ಚಕ್ರ ನೆಟ್ಟಗೆ ನಿಂತೇ ಇತ್ತು. ಓಂಕಾರಪ್ಪನವರ ನಗು ನಿಂತುಹೋಯ್ತು.

"ನಜೀರ್... ನಿನ್ನೆ ಮಾತಾಡ್ತಾ ಮಾತಾಡ್ತಾ ನಾನು ಹ್ಯಾಂಡಲ್ ಬೋಲ್ಟೇ ಬಿಗಿ ಮಾಡಿಲ್ಲ ಕಣಯ್ಯ."

ಎಲ್ಲರೂ ಮರಡಿ ಕಡೆ ನೋಡಿದರು. ಆ ತಿರುವಿನಲ್ಲಿ, ಆ ಇಳಿಜಾರಿನಲ್ಲಿ, ಹ್ಯಾಂಡಲ್ ಒಂದು ಕಡೆ ಚಕ್ರ ಒಂದು ಕಡೆ ಆಗಿದ್ದರೆ?

ಚನ್ನಾಜಮ್ಮ ಅಲ್ಲೇ ಮಣ್ಣಲ್ಲಿ ಕುಸಿದು ಕೂತಳು. ಅಳುವೂ ಬಂತು, ನಗುವೂ ಬಂತು, ಎರಡೂ ಒಟ್ಟಿಗೇ ಬಂದವು. ಆಮೇಲೆ ಮಗನನ್ನ ಏರಿಗೆ ಎಳ್ಕೊಂಡು ಬಂದು, ಪಕ್ಕದಲ್ಲಿ ಕೂರಿಸಿಕೊಂಡು, ಆರಿದ ಉಪ್ಪಿಟ್ಟನ್ನ ತಾನೇ ತುತ್ತು ಮಾಡಿ ಇಟ್ಟಳು. ಬಾಗಿಲೆತ್ತರದ ಮಗ ಆ ಅಂತ ಬಾಯಿ ತೆರೆದ.

ಓಂಕಾರಪ್ಪನವರು ಸೈಕಲ್ಲನ್ನೂ ಏರಿಗೆ ತಂದು, ಸ್ಪ್ಯಾನರ್ ತಗೊಂಡು ಬೋಲ್ಟು ಬಿಗಿ ಮಾಡಿದರು. ಇನ್ನೊಂದು ಸಲ ಬಿಗಿ ಮಾಡಿದರು. ಆಮೇಲೆ ಬೋರನ ಹೆಗಲ ಮೇಲೆ ಕೈ ಇಟ್ಟರು. "ಒಂದು ಗೀರೂ ಇಲ್ಲ. ನಾಳೆಯಿಂದ ಅಂಗಡಿಗೆ ಬಾರಪ್ಪ. ಸೈಕಲ್ ಒರೆಸೋದು, ಹೊಳೆಸೋದು, ಜೋಪಾನ ಮಾಡೋದು ನಿನ್ನ ಕೆಲಸ. ಬಿಗಿ ಮಾಡೋದು ಮಾತ್ರ ನಮಗೆ ಬಿಡು, ಬಾಯಿ ಮುಚ್ಕೊಂಡು ಮಾಡ್ತೀವಿ." ಸೈಕಲ್ಲನ್ನ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, "ನೋಡು, ವಾಪಸು ಹೋಗುವಾಗ ಹೊತ್ಕೋಬೇಡ. ಸೀಟ್ ಮೇಲೆ ಕೂರು, ಪೆಡಲ್ ತುಳಿ. ಮನೆ ಬರೋವರೆಗೂ ನಿಲ್ಲಿಸಬೇಡ" ಅಂದರು.

"ಆಗ್ಲಿ ದೊಡ್ಡಪ್ಪ."

ಎಲ್ಲರೂ ಹೊರಟರು. ಚನ್ನಾಜಮ್ಮ ಪಾತ್ರೆ ತೊಳೆಯೋಕೆ ಕೆರೆಗೆ ಇಳಿದಳು. ತೊಳೆದು ಮೇಲೆ ಬಂದು ನೋಡ್ತಾಳೆ, ಬೋರ ಸೈಕಲ್ ಮೇಲೆ ಕೂತಿದಾನೆ. ಜೋರಾಗಿ ಪೆಡಲ್ ತುಳೀತಾ ಇದಾನೆ. ಸೈಕಲ್ಲು ಸ್ಟ್ಯಾಂಡ್ ಮೇಲೇ ಇದೆ! ಹಿಂದಿನ ಚಕ್ರ ಗಾಳೀಲಿ ಗಿರಗಿರ ತಿರುಗ್ತಾ ಇದೆ.

"ಅವ್ವಾ, ಮರಡಿ ಇನ್ನೂ ದೂರಾನಾ?"

ಚನ್ನಾಜಮ್ಮ ಬೈಯೋಕೆ ಬಾಯಿ ತೆಗೆದಳು. ಬುದ್ಧಿ ಹೇಳೋಕೆ ಬಾಯಿ ತೆಗೆದಳು. ಇವತ್ತು ಒಂದು ಬುದ್ಧಿ ಹೇಳಿದರೆ ನಾಳೆ ಅಂಗಡೀಲಿ ಏನು ಕಾದಿದೆಯೋ ಅನ್ನಿಸ್ತು. ಬಾಯಿ ಮುಚ್ಚಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆ ಮಡಿಲಲ್ಲಿಟ್ಟುಕೊಂಡು, ಹಿಂದಿನ ಕ್ಯಾರಿಯರ್ ಮೇಲೆ ಹತ್ತಿ ಕೂತಳು.

"ಇನ್ನೇನು ಬಂತು ಮಗಾ. ತುಳಿ."

ಬೋರ ತುಳಿದ. ತುಳಿದೇ ತುಳಿದ. ಏರಿ ಮೇಲೆ ಹುಲ್ಲಿನ ಹೊರೆ ಹೊತ್ತು ಬರ್ತಿದ್ದ ಹೆಂಗಸರು ಇವರನ್ನ ನೋಡಿ ನಿಂತರು. ಬೋರ ದೂರದಿಂದಲೇ ಕೂಗಿದ.

"ಪಕ್ಕಕ್ಕೆ ಸರೀರ್ರವ್ವೋ, ಪಕ್ಕಕ್ಕೆ! ಮನೆ ಬರೋವರೆಗೂ ನಿಲ್ಲಿಸೋ ಹಾಗಿಲ್ಲ!"