ಕುರಿಯ ಹೊಟ್ಟೆಯ ಒಕ್ಕಲು

“ಅಮ್ಮಣ್ಣಿಯವರ ಕುರಿಗಳು ಸಾಯುತ್ತಿವೆ. ಕೊಂದವರು ಯಾರೆಂದು ಬಲ್ಲವರು ಅರಮನೆಗೆ ಬರಬೇಕು. ಮೂರು ಒಗಟು ಒಡೆದವರು ಬೇಡಿದ್ದನ್ನು ಪಡೆಯುತ್ತಾರೆ. ಸೋತವರ ತಲೆ ಹೋಗುತ್ತದೆ.” ಮಾಗಿಯ ಚಳಿಗೆ ಹಲ್ಲು ಕಟಕಟಿಸುತ್ತ ತಳವಾರ ಊರೂರಿಗೂ ಹೀಗೆ ಡಂಗುರ ಸಾರಿದ.

ನೀಲಾಜಮ್ಮಣ್ಣಿ ಪಾಳೆಯಗಾರರ ಒಬ್ಬಳೇ ಮಗಳು. ತೀರಿಹೋದ ತಾಯಿಯಿಂದ ಅವಳಿಗೆ ಉಳಿದದ್ದು ತವರಿನ ಕುರಿಮಂದೆ ಮತ್ತು ಎರಡು ಒಗಟು. ಕುರಿಗಳನ್ನು ಕೊಂದವರು ಯಾರೆಂಬ ಮೂರನೆಯ ಒಗಟು ಅವಳದೇ. ಅದರ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಯಾರೋ ಯಾರ ಮೇಲೋ ಸುಳ್ಳು ಹೊರಿಸಬಾರದೆಂದೇ ತಲೆಯನ್ನು ಪಣ ಮಾಡಿದ್ದಳು. ದುಃಖದಲ್ಲಿದ್ದವರ ಕೈಯಲ್ಲಿ ಅಧಿಕಾರ ಇರಬಾರದು ನೋಡಿ, ನ್ಯಾಯದ ಹೆಸರಲ್ಲಿ ಏನೇನೋ ಆಗಿಬಿಡುತ್ತದೆ.

ನೆರೆಯ ಪಾಳೆಯದ ಕುವರ ಮೊದಲ ಒಗಟಿಗೇ ಎಡವಿದ. ದಳವಾಯಿಯ ಮಗ ಎರಡನ್ನು ಹೇಗೋ ದಾಟಿ, ಮೂರನೆಯದಕ್ಕೆ ಅಡುಗೆಯ ಮುದುಕಿಯ ಹೆಸರು ಹೇಳಿದ. ಪಾಪ, ಮುದುಕಿ ಚಳಿಗಾಲ ಶುರುವಾದಾಗಿನಿಂದ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಇಬ್ಬರೂ ತಲೆ ಕೊಟ್ಟರು. ಆಮೇಲೆ ಗೊಲ್ಲರ ಹಟ್ಟಿಯ ಕಾಟಯ್ಯ ಬಂದ. ಎರಡಕ್ಕೆ ಥಟ್ಟನೆ ಉತ್ತರ ಕೊಟ್ಟವನು ಮೂರನೆಯದಕ್ಕೆ ಅಮ್ಮಣ್ಣಿಯ ಮುಖ ನೋಡುತ್ತ ಸುಮ್ಮನೆ ನಿಂತುಬಿಟ್ಟ. ಸುಮ್ಮನಿದ್ದವನ ತಲೆಯನ್ನೂ ಬಿಡಲಿಲ್ಲ.

ಅವನ ತಮ್ಮ ಚಿತ್ತಯ್ಯ ಒಂದು ಮುದಿ ಕುರಿಯನ್ನು ಹೊಡೆದುಕೊಂಡು ಅರಮನೆಗೆ ಬಂದ.

“ಒಲೆಯಿಲ್ಲ, ಹೊಗೆಯಿಲ್ಲ,” ಅಂದಳು ಅಮ್ಮಣ್ಣಿ. “ಒಣಹುಲ್ಲು ಹಾಕಿದರೆ ಚಳಿಯಲ್ಲೂ ಆರದ ಬೆಂಕಿ ಯಾವುದು?”

“ಕುರಿ ಹೊಟ್ಟೆ, ತಾಯಿ.”

“ಮನೆಗೆ ಬಂದದ್ದನ್ನು ಒಡೆಯನಿಗಿಂತ ಮೊದಲು ಉಣ್ಣುತ್ತಾರೆ. ಅವರು ಉಂಡರೇ ಒಡೆಯನಿಗೆ ಊಟ. ಅವರನ್ನು ಕಂಡವರಿಲ್ಲ. ಯಾರು?”

“ಅದೇ ಹೊಟ್ಟೆಯೊಳಗಿನ ಒಕ್ಕಲು. ಕಣ್ಣಿಗೆ ಕಾಣದಂಥ ಸಣ್ಣ ಜೀವ. ಹುಲ್ಲು ಅರಗಿಸೋದು ಅವು, ಕುರಿಯಲ್ಲ.”

“ನನ್ನ ಮಂದೆಯ ಮೈಮೇಲೆ ಗಾಯವಿಲ್ಲ. ಬಾಯಲ್ಲಿ ವಿಷವಿಲ್ಲ. ಕೊಂದವರು ಯಾರು?”

ಚಿತ್ತಯ್ಯ ತಲೆ ತಗ್ಗಿಸಿದ. “ಚಳಿ ಬಿದ್ಮೇಲೆ ಕುರಿಗೆ ಏನು ಹಾಕಿದ್ರಿ?”

“ಜೋಳ. ಅಮ್ಮನ ಕುರಿಗಳು ನಡುಗುತ್ತಿದ್ದವು. ನಾನೇ ಮೊರದ ತುಂಬ ತಂದು ಬೊಗಸೆಯಲ್ಲಿ ತಿನ್ನಿಸಿದೆ, ಸಾಕೆನ್ನುವಷ್ಟು.”

“ಜೋಳ ಒಳ್ಳೇದೇ. ಹುಲ್ಲಿನ ಜೊತೆ ಒಂದು ಹಿಡಿಯಿಂದ ಶುರು ಮಾಡಿ, ಮೆಲ್ಲಗೆ ಹೆಚ್ಚಿಸ್ಬೇಕು. ಒಂದೇ ಸಲ ಸುರಿದ್ರೆ ಹೊಟ್ಟೆ ಹುಳಿಯಾಗುತ್ತೆ. ಒಕ್ಕಲು ಸಾಯ್ತವೆ, ಮೆಲುಕು ನಿಲ್ಲುತ್ತೆ. ಕೊಂದೋರು ನೀವೇ, ತಾಯಿ. ಅಕ್ಕರೆ ಹೆಚ್ಚಾಯ್ತು.”

ತಳವಾರ ಕತ್ತಿ ಹಿರಿದ. ಅಮ್ಮಣ್ಣಿ ಕೈ ಅಡ್ಡ ಹಿಡಿದು, “ನಿಜವೆಂದು ತೋರಿಸು,” ಅಂದಳು.

ಮಂದೆಯಲ್ಲಿ ಒಂದೇ ಕುರಿ ಉಳಿದಿತ್ತು, ಅದೂ ಹೊಟ್ಟೆಯುಬ್ಬಿ ಮಲಗಿತ್ತು. ಚಿತ್ತಯ್ಯ ತನ್ನ ಮುದಿ ಕುರಿಯ ಬಾಯಿಂದ ಮೆಲುಕಿನ ತುತ್ತು ತೆಗೆದು, ಬೆಚ್ಚನೆಯ ನೀರಲ್ಲಿ ಕಲಸಿ ಮಲಗಿದ್ದ ಕುರಿಯ ಗಂಟಲಿಗೆ ಇಳಿಸಿದ. ಹಟ್ಟಿಯವರೆಲ್ಲ ಮಾಡುವುದೇ ಹೀಗೆ, ಒಂದರ ಒಕ್ಕಲನ್ನು ಇನ್ನೊಂದರ ಹೊಟ್ಟೆಗೆ ದಾಟಿಸುತ್ತಾರೆ. ಹೀಗೇ ಕೆಲವು ಸಲ ಮಾಡಿ, ಬರೀ ಒಣಹುಲ್ಲು ಹಾಕಿದ. ಒಂದು ಬೆಳಿಗ್ಗೆ ಕುರಿ ಎದ್ದು ಮೆಲುಕು ಹಾಕತೊಡಗಿತು. ಅಮ್ಮಣ್ಣಿ ಅದರ ಪಕ್ಕದಲ್ಲೇ ಕುಸಿದು ಕೂತಳು.

“ನಿನ್ನ ಅಣ್ಣನಿಗೆ ಇದು ಗೊತ್ತಿರಲಿಲ್ಲವೇ?”

“ನಮ್ಮ ಹಟ್ಟೀಲಿ ಗೊತ್ತಿಲ್ದೋರು ಯಾರಿದ್ದಾರೆ? ತಾಯಿ ಕಳ್ಕೊಂಡ ಹುಡುಗಿಗೆ ಇದನ್ನ ಹೇಳೋಕೆ ಅವನಿಗೆ ಬಾಯಿ ಬರ್ಲಿಲ್ಲ.”

ಪಾಳೆಯಗಾರರು ಅರ್ಧ ಪಾಳೆಯ ಕೊಡುತ್ತೇವೆಂದರು. ಚಿತ್ತಯ್ಯ ಬೇಡವೆಂದ. “ಅಮ್ಮಣ್ಣಿ ನಮ್ಮವ್ವನ ಹತ್ರ ಬರ್ಲಿ. ಅಣ್ಣ ಯಾಕೆ ಸತ್ತ ಅಂತ ಅವರೇ ಹೇಳ್ಲಿ. ನನ್ನ ಕೈಲಾಗಲ್ಲ.”

ಬೇಡಿದ್ದನ್ನು ಕೊಡಲೇಬೇಕಿತ್ತು. ಅಮ್ಮಣ್ಣಿ ನಡೆದೇ ಹಟ್ಟಿಗೆ ಹೋಗಿ, ಅವನ ತಾಯಿ ಈರಕ್ಕನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

ಈರಕ್ಕ ಕೇಳಿದಳು, “ಅವನು ಹೇಳಿದ್ರೆ ನೀನು ಅಳ್ತಿದ್ಯೇನವ್ವಾ?”

“ಅಳ್ತಿದ್ದೆ.”

“ಅಷ್ಟಕ್ಕೇ ಪ್ರಾಣ ಬಿಟ್ನಲ್ಲ, ಹುಚ್ಚಪ್ಪ,” ಅಂದಳು ಈರಕ್ಕ, ಹುಡುಗಿಯ ತಲೆ ತನ್ನ ಮಡಿಲಿಗೆ ಎಳೆದುಕೊಂಡು.