ಕುಪ್ಪಣ್ಣನ ಗಾಳಕ್ಕೆ ಬಿದ್ದ ಕೆಂಬೇರಿ

ಮಕ್ಕಳೇ, ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳೆಯು ಕಡಲು ಸೇರುವ ಅಳಿವೆಯಲ್ಲಿ ದೋಣಿ ಹತ್ತುವವರೆಲ್ಲ ಸೊಂಟಕ್ಕೆ ಬಾಯಿ ಕೊಯ್ಯದ ಒಣ ಸೋರೆಬುರುಡೆ ಕಟ್ಟಿಕೊಳ್ಳಬೇಕು. ನೀರಿಗೆ ಬಿದ್ದರೆ ಅದು ತೇಲಿಸುತ್ತದೆ. ಗಾಳಕ್ಕೆ ಮೊಟ್ಟೆ ತುಂಬಿದ ಮೀನು ಸಿಕ್ಕರೆ ಕೂಡಲೇ ಬಿಟ್ಟುಬಿಡಬೇಕು. ಇಷ್ಟೇ. ಈ ಕತೆಯಲ್ಲಿ ದೋಣಿ ಹತ್ತಿದವರೆಲ್ಲರೂ ಇದನ್ನು ಮುರಿದರು.

ಅಳಿವೆಯ ಪಕ್ಕದಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಕಾಡಿನಲ್ಲಿ ಪಮ್ಮಣ್ಣನೆಂಬ ನರಿ, ಡೊಳ್ಳಯ್ಯನೆಂಬ ಹಂದಿ, ಕುಪ್ಪಣ್ಣನೆಂಬ ಮೊಲ ನೆರೆಹೊರೆಯವರಾಗಿದ್ದರು. ಮೂವರಿಗೂ ಗಾಳ ಹಾಕುವ ಹುಚ್ಚು. ಹೊಟ್ಟೆಪಾಡಿಗಲ್ಲ, ಬರೀ ಮೋಜಿಗೆ. ಕುಪ್ಪಣ್ಣನಿಗಂತೂ ಮೀನಿನ ವಾಸನೆ ಬಂದರೆ ಸೀನು ಬರುತ್ತಿತ್ತು.

ಒಮ್ಮೆ ಪಂದ್ಯ ಗೊತ್ತಾಯಿತು. ಎಲ್ಲರಿಗಿಂತ ದೊಡ್ಡ ಮೀನು ಹಿಡಿದವನನ್ನು ಇಡೀ ಕಾಡು ವರ್ಷವಿಡೀ ‘ದೊರೆ’ ಎಂದು ಕರೆಯಬೇಕು. ಜಿಗಿತದಲ್ಲಿ ಕಪ್ಪೆಗೆ, ಗೆಡ್ಡೆ ಅಗೆಯುವುದರಲ್ಲಿ ಹಂದಿಗೆ, ಕೊನೆಗೆ ನಿದ್ದೆ ಮಾಡುವ ಪಂದ್ಯದಲ್ಲಿ ಹೆಬ್ಬಾವಿಗೆ ಸೋತಿದ್ದ ಕುಪ್ಪಣ್ಣ, ಇದೊಂದನ್ನಾದರೂ ಗೆಲ್ಲಲೇಬೇಕೆಂದು ಪಣ ತೊಟ್ಟ. ತೀರ್ಪು ಹೇಳಲು ಸುಬ್ರಾಯರೆಂಬ ಕೊಕ್ಕರೆ ಬಂದರು.

ಸುಬ್ರಾಯರೂ ಸೇರಿ ಎಲ್ಲರೂ ಒಂದೇ ದೋಣಿ ಹತ್ತಿದರು. ಗಾಳ ಹಾಕುವ ಮೂವರ ಸೊಂಟದಲ್ಲೂ ಬುರುಡೆ ನೇತಾಡುತ್ತಿತ್ತು. ಆದರೆ ಅದರ ಬಾಯಿ ಕೊಯ್ದು ನರಿ ಏಡಿ ಸಾರು ತುಂಬಿದ್ದ, ಹಂದಿ ಬೇಯಿಸಿದ ಗೆಣಸು, ಮೊಲ ಹುರಿಗಡಲೆ. ಹಸಿವಾದರೆ ಬೇಕಲ್ಲ ಎಂಬುದು ಅವರ ವಾದ. ಸುಬ್ರಾಯರು ತಮಗೆ ರೆಕ್ಕೆಯಿದೆಯೆಂದು ಬುರುಡೆಯನ್ನೇ ತಂದಿರಲಿಲ್ಲ.

ಮಧ್ಯಾಹ್ನ ಕುಪ್ಪಣ್ಣನ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ದಾರದ ತುದಿಯಲ್ಲಿ ಅರ್ಧ ದೋಣಿಯಷ್ಟು ಉದ್ದದ ಕೆಂಬೇರಿ ಮೀನು. ಅವಳು ನೀರಿನಿಂದ ತಲೆಯೆತ್ತಿದಳು.

“ಮೊಲಣ್ಣ, ಹೊಟ್ಟೆ ತುಂಬ ಮೊಟ್ಟೆ ಇದೆ. ಇವತ್ತೇ ಕಡಲು ಸೇರಬೇಕು. ಬಿಟ್ಟುಬಿಡಪ್ಪ.”

“ಹೊಟ್ಟೆ ದಪ್ಪ ಇದ್ದವರೆಲ್ಲ ಬಸುರಿಯರೇನಮ್ಮ?” ಎಂದ ಡೊಳ್ಳಯ್ಯ. “ನನ್ನದು ನೋಡು.”

ಸುಬ್ರಾಯರು ಗಂಟಲು ಸರಿಮಾಡಿಕೊಂಡು, ಪಂದ್ಯದ ಕಟ್ಟಳೆಯಲ್ಲಿ ಹೊಟ್ಟೆಯ ಪ್ರಸ್ತಾಪವೇ ಇಲ್ಲ, ದಾರ ಕಡಿಯದೆ ದಡ ಸೇರಿದ ಮೀನಷ್ಟೇ ಲೆಕ್ಕ ಎಂದರು. ಅಷ್ಟರಲ್ಲಿ ನರಿ ತಾನು ದೊರೆಯ ಮಂತ್ರಿ, ಹಂದಿ ಸೇನಾಪತಿ ಎಂದು ಘೋಷಿಸಿಯೂ ಆಗಿತ್ತು. ಹಾಗಾಗಿ ಇಬ್ಬರೂ ಬಂದು ಕೋಲನ್ನು ಬಿಗಿಯಾಗಿ ಹಿಡಿದುಕೊಂಡರು.

ಕೆಂಬೇರಿ ದೋಣಿಯನ್ನೇ ಎಳೆದುಕೊಂಡು ಕಡಲಿನತ್ತ ಹೊರಟಳು. ಎದುರಿಗೆ ಅಳಿವೆಯ ಬಾಯಿ. ಅಲ್ಲಿ ಅಲೆಗಳು ಮನೆಯೆತ್ತರ ಎದ್ದು ಒಡೆಯುತ್ತಿದ್ದವು. ದೋಣಿಗೆ ನೀರು ನುಗ್ಗಿತು. ಭಾರ ಹೆಚ್ಚಾಗಿದೆ ಎಂದು ಮಂತ್ರಿ ತೀರ್ಮಾನಿಸಿ, ನೀರು ಮೊಗೆಯುವ ಚಿಪ್ಪನ್ನು ಎಸೆದ. ಆಮೇಲೆ ಒಂದು ಹುಟ್ಟನ್ನೂ ಎಸೆದ. ಸೇನಾಪತಿ ದೋಣಿಯ ಭಾರ ಇಳಿಸಲೆಂದು ಅಷ್ಟೂ ಗೆಣಸನ್ನು ತಿಂದು ಮುಗಿಸಿದ. ಆದರೂ ದೋಣಿ ಮೇಲೇಳದ್ದನ್ನು ಕಂಡು ಅವನಿಗೆ ಬಹಳ ಆಶ್ಚರ್ಯವಾಯಿತು.

ಸುಬ್ರಾಯರು ಮೆಲ್ಲಗೆ ಹಾರಿ, ಪಂದ್ಯ ಇನ್ನೂ ಜಾರಿಯಲ್ಲಿದೆ ಎಂದು ಆಕಾಶದಿಂದಲೇ ಸಾರಿದರು.

ಮೊಲ ಈಜು ಬಾರದವನು. ಸೊಂಟದ ಬುರುಡೆ ಮುಟ್ಟಿ ನೋಡಿದ. ಅದರೊಳಗೆ ಹುರಿಗಡಲೆ ಉಪ್ಪುನೀರಿನಲ್ಲಿ ನೆನೆಯುತ್ತಿತ್ತು.

“ಬಿಡಬೇಡ, ದೊರೆ,” ಎಂದ ನರಿ. “ಸತ್ತರೂ ದೊರೆಯಾಗಿಯೇ ಸಾಯುತ್ತೀ.”

ದೊರೆ! ಕುಪ್ಪಣ್ಣನ ಕಿವಿಗೆ ಆ ಮಾತು ಬೆಲ್ಲದ ಹಾಗಿತ್ತು. ಒಂದು ಕ್ಷಣ ಅವನ ಹಿಡಿತ ಇನ್ನೂ ಬಿಗಿಯಾಯಿತು.

“ಆಮೇಲೆ ಹಾಗೆ ಕರೆಯುವವರು ಯಾರು ಪಮ್ಮಣ್ಣ?” ಎಂದು ಕೇಳಿದ. “ನೀವಿಬ್ಬರೂ ಇದೇ ದೋಣಿಯಲ್ಲಿದ್ದೀರಿ.”

ಅಷ್ಟರಲ್ಲಿ ಅಲೆಯೊಂದು ಕೆಂಬೇರಿಯನ್ನು ದೋಣಿಯ ಅಂಚಿಗೆ ತಂದು ಹಾಕಿತು. ಅವಳ ತುಟಿ ಹರಿದಿತ್ತು. ಅವಳು ಕಡಲಿನ ಕಡೆಗೇ ನೋಡುತ್ತಿದ್ದಳು.

“ಅವಳು ಹೇಳಿದ್ದು ನಮಗೆಲ್ಲ ಕೇಳಿಸಿತ್ತು,” ಎಂದ ಕುಪ್ಪಣ್ಣ. “ಸುಬ್ರಾಯರೇ, ಈ ಪಂದ್ಯದಲ್ಲೂ ನಾನು ಸೋತೆ.”

ನರಿ, ಹಂದಿ ಎರಡು ಕಡೆಯಿಂದ ಕಿವಿ ಹಿಡಿದು ಎಳೆಯುತ್ತಿದ್ದರೂ ಅವನು ಅಂಚಿನಿಂದ ಬಾಗಿ, ಅವಳ ತುಟಿಯ ಹತ್ತಿರವೇ ದಾರವನ್ನು ಕಚ್ಚಿ ಕತ್ತರಿಸಿದ. ಕೆಂಬೇರಿ ಕಡಲಿಗೆ ಇಳಿದಳು, ಎಳೆತ ತಪ್ಪಿದ ದೋಣಿ ಉಳಿದ ಒಂದೇ ಹುಟ್ಟಿನಿಂದ ಹೇಗೋ ದಡ ಸೇರಿತು.

ನೀತಿ: ಜೀವ ಕಾಯುವ ನಿಯಮವನ್ನು ಎಲ್ಲರೂ ಸೇರಿ ಮುರಿದರೂ ತಪ್ಪು ತಪ್ಪೇ, ಅದು ಮನವರಿಕೆಯಾದ ಕ್ಷಣವೇ ಗೆಲುವಿನ ಆಸೆ ಬಿಟ್ಟು ತಿದ್ದಿಕೊಳ್ಳಬೇಕು.