ಇಳಿಸಿ ಎಂದ ದನಿ

"ಬುದ್ಧಿ, ಒಂದು ಕೆಲಸಕ್ಕೆ ಕೈ ಹಾಕಿದಾಗ ಕೆಲವು ಸಲ ಒಳಗಿನಿಂದ ಬೇಡ ಎಂಬ ಮಾತು ಬರುತ್ತದೆ. ಅದು ಅರಿವು ಹೇಳುವ ಮಾತೋ, ಅಂಜಿಕೆ ಹೇಳುವ ಮಾತೋ, ತಿಳಿಯುವುದು ಹೇಗೆ?" ಎಂದು ಅಡವಯ್ಯ ಗುರುಗಳನ್ನು ಕೇಳಿದ.

ಮಠದ ಹಿತ್ತಿಲಿನಲ್ಲಿ ಆಗ ಹೂದೋಟ ಮಾಡುವ ಕೆಲಸ ನಡೆದಿತ್ತು. ಶಿಷ್ಯರಲ್ಲಿ ಅಡವಯ್ಯನೇ ಗಟ್ಟಿಮುಟ್ಟಾದವನು. ಮಣ್ಣು ಹೊರುವುದು, ಚಪ್ಪಡಿ ಎತ್ತುವುದು ಅವನ ಪಾಲಿಗೆ ಬಂದಿತ್ತು.

"ಆ ಮಾತು ಕಡೆಯದಾಗಿ ಬಂದದ್ದು ಯಾವಾಗ?" ಎಂದರು ಗುರುಗಳು.

"ಇವತ್ತೇ ಬುದ್ಧಿ. ಮೆಟ್ಟಿಲಿನ ಚಪ್ಪಡಿ ಎತ್ತುವಾಗ ಬೇಡ ಅನ್ನಿಸಿತು. ಆದರೂ ಎತ್ತಿದೆವು. ಏನೂ ಆಗಲಿಲ್ಲ. ನಾಳೆ ಇದಕ್ಕಿಂತ ದೊಡ್ಡದನ್ನು ಎತ್ತಬೇಕು."

ಗುರುಗಳು ಅವನ ಎರಡೂ ಕೈಗಳನ್ನು ತಿರುಗಿಸಿ ನೋಡಿದರು. ಬೆರಳುಗಳೆಲ್ಲ ಇದ್ದವು. "ಕೂತುಕೋ" ಎಂದು ಹೇಳಿ ಒಂದು ಕತೆ ಶುರುಮಾಡಿದರು.

ಒಬ್ಬ ವರ್ತಕನಿದ್ದ. ಊರಾಚೆ ಇಳಿಜಾರಿನ ಜಾಗದಲ್ಲಿ ಹೊಸ ಮನೆ ಕಟ್ಟಿಸಿದ. ಮನೆಯ ಹಿಂದೆ ತೋಟ ಮಾಡಿಸಿದ. ತೋಟದ ತಗ್ಗಿನಲ್ಲಿ ಒಂದು ಕೊಳ ತೋಡಿಸಿದ. ಕೊಳದ ದಂಡೆಯಲ್ಲಿ ಕೂರಲು ಅವನಿಗೊಂದು ಕಲ್ಲು ಬೇಕಾಯಿತು. ಇಲ್ಲದವನು ಎಲ್ಲಿ ಕಲ್ಲಿದೆಯೋ ಅಲ್ಲಿ ಕೂರುತ್ತಾನೆ. ಇದ್ದವನು ಕೂರಬೇಕಾದರೆ ಕಲ್ಲೇ ಎದ್ದು ಬರಬೇಕು.

ಗಣಿಯಿಂದ ಗಾಡಿಯ ಮೇಲೆ ದೊಡ್ಡದೊಂದು ಹಾಸುಗಲ್ಲು ಬಂತು. ಗಾಡಿ ತೋಟದ ಮೇಲಂಚಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಕೊಳದವರೆಗೆ ಹೆಗಲ ಮೇಲೆಯೇ ಸಾಗಿಸಬೇಕು. ಮರುದಿನ ಗೃಹಪ್ರವೇಶ. ಬಂದ ನೆಂಟರು ಕೊಳವನ್ನೂ ಕಲ್ಲನ್ನೂ ಒಟ್ಟಿಗೆ ನೋಡಬೇಕೆಂದು ವರ್ತಕನ ಆಸೆ.

ಬೇರೆ ಊರಿನಿಂದ ಆರು ಜನ ಆಳುಗಳು ಬಂದರು. ಅವರಲ್ಲೇ ಒಬ್ಬ ಮೇಸ್ತ್ರಿ. ಕಲ್ಲಿಗೆ ಹಗ್ಗ ಸುತ್ತಿ, ಹಗ್ಗದೊಳಗೆ ಮೂರು ಮರದ ಗಳುಗಳನ್ನು ಅಡ್ಡಡ್ಡ ತೂರಿಸಿ, ಒಂದೊಂದು ಗಳುವಿಗೆ ಆ ಕಡೆಯೊಬ್ಬ ಈ ಕಡೆಯೊಬ್ಬ ಹೆಗಲು ಕೊಟ್ಟು ಎತ್ತುವುದು ಅವರ ಕ್ರಮ. ಎತ್ತುವ ಮುಂಚೆ ಮೇಸ್ತ್ರಿ ವರ್ತಕನಿಗೆ ಒಂದು ಮಾತು ಹೇಳಿದ.

"ಯಜಮಾನ್ರೇ, ನಮ್ಮಲ್ಲಿ ಒಂದು ಪದ್ಧತಿ ಐತೆ. ಕಲ್ಲು ಹೆಗಲ ಮೇಲಿದ್ದಾಗ ಯಾರು 'ಇಳಿಸಿ' ಅಂದ್ರೂ ಇಳಿಸಿಬಿಡ್ತೀವಿ. ಯಾರಂದಿದ್ದು, ಯಾಕಂದಿದ್ದು ಅಂತ ಕಲ್ಲು ನೆಲಕ್ಕೆ ಕೂತ ಮೇಲೇನೇ ಕೇಳೋದು."

ಅಪಾಯ ಕಂಡವನಿಗೆ ಒಂದು ಮಾತಿಗಷ್ಟೇ ಉಸಿರಿರುತ್ತದೆ. ಕಾರಣ ಹೇಳಲು ಪುರುಸೊತ್ತಿರುವುದಿಲ್ಲ. ಅದಕ್ಕಾಗಿ ಈ ಪದ್ಧತಿ. ವರ್ತಕ ಆಗಲಿ ಎಂದು ತಲೆಯಾಡಿಸಿದ. ತಲೆಯಾಡಿಸಲು ಕಷ್ಟವೇನಿದೆ?

ಕಲ್ಲು ಎತ್ತಿ ಸ್ವಲ್ಪ ದೂರ ನಡೆದಿರಬೇಕು. "ಇಳಿಸಿ!" ಎಂದು ಒಂದು ಕೂಗು ಕೇಳಿಸಿತು. ಆರು ಜನವೂ ಒಟ್ಟಿಗೆ ಮೊಣಕಾಲು ಮಡಿಸಿದರು. ಕಲ್ಲು ಸಮನಾಗಿ ನೆಲಕ್ಕೆ ಕೂತಿತು. ಮೇಸ್ತ್ರಿ ಹಗ್ಗ ನೋಡಿದ, ಗಳು ನೋಡಿದ, ತಾವು ನಿಂತಿದ್ದ ನೆಲ ನೋಡಿದ. ಎಲ್ಲವೂ ಸರಿಯಾಗಿತ್ತು. ಕೂಗಿದ್ದು ಯಾರು ಎಂದು ಕೇಳಿದ. ಹಿಂದೆ ಎಡಗಡೆ ನಿಂತಿದ್ದ ಆಳಿನ ಕಡೆಗೆ ಎಲ್ಲರೂ ಕೈ ತೋರಿಸಿದರು. ಅವನು ತಾನಲ್ಲ ಎಂದು ಆಣೆ ಹಾಕಿದ. ಹೋಗಲಿ ಎಂದು ಮತ್ತೆ ಎತ್ತಿದರು.

ಇನ್ನಷ್ಟು ಕೆಳಗೆ ಹೋದ ಮೇಲೆ ಮತ್ತೆ ಅದೇ ಕೂಗು. "ಇಳಿಸಿ!" ಮತ್ತೆ ಇಳಿಸಿದರು. ಮತ್ತೆ ಹಗ್ಗ ನೋಡಿದರು, ಗಳು ನೋಡಿದರು, ಕಾಲಡಿಯ ನೆಲ ನೋಡಿದರು. ಏನೂ ಇರಲಿಲ್ಲ. ಬಿಸಿಲು ಏರಿತ್ತು. ಗಾಳಿಯಿರಲಿಲ್ಲ. ತೋಟದಲ್ಲಿ ಆ ಆರು ಜನ ಮತ್ತು ಕೊಳದ ಬಳಿ ಕಾಯುತ್ತಿದ್ದ ವರ್ತಕನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಹಿಂದೆ ಎಡಗಡೆಯಿದ್ದ ಆಳು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು.

"ನನ್ನ ಕಿವಿ ಪಕ್ಕದಲ್ಲೇ ಕೂಗಿದ್ರು ಮೇಸ್ತ್ರಿ. ಉಸಿರು ತಗುಲ್ತು. ನಾನೀಗ ನಿಂತಿರೋ ಜಾಗದಲ್ಲಿ ಇನ್ನೊಬ್ಬರು ನಿಂತವ್ರೆ. ನನ್ನ ಕೈಲಾಗಲ್ಲ" ಎಂದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಇಲ್ಲಿ ಅಡವಯ್ಯ ಬಾಯಿ ಹಾಕಿದ. "ಕೆಲಸ ತಪ್ಪಿಸಿಕೊಳ್ಳಲು ಅವನು ಸುಳ್ಳು ಹೇಳಿರಬಹುದಲ್ಲ ಬುದ್ಧಿ?"

"ಹೇಳಿರಬಹುದು. ನಿನ್ನಂಥ ಜಾಣ ಅಲ್ಲಿಯೂ ಒಬ್ಬನಿದ್ದ. ಕೇಳು" ಎಂದು ಗುರುಗಳು ಮುಂದುವರಿಸಿದರು.

ವರ್ತಕ ಕೊಳದ ಬಳಿಯಿಂದ ದಾಪುಗಾಲು ಹಾಕಿಕೊಂಡು ಮೇಲಕ್ಕೆ ಬಂದ. ಎರಡು ಸಲದ ಕೂಗೂ ಅವನಿಗೆ ಕೇಳಿಸಿತ್ತು. ಆದರೆ ಕೆಲಸ ನಿಂತಿತಲ್ಲ ಎಂಬ ಸಿಟ್ಟಿನಲ್ಲಿ ಅದು ಎಂಥ ದನಿ ಎಂದು ಅವನು ಗಮನಿಸಿರಲಿಲ್ಲ.

"ಯಾರು ಕೂಗಿದ್ದು? ಹೊತ್ತು ಕಳೆಯೋಕೆ ಇದೊಂದು ಆಟ ಮಾಡ್ಕೊಂಡಿದ್ದೀರಾ? ಇನ್ಮೇಲೆ ನಾನು ಹೇಳಿದ್ರೆ ಮಾತ್ರ ಇಳಿಸಬೇಕು. ಬೇರೆ ಯಾರು ಬಾಯಿ ಬಡ್ಕೊಂಡ್ರೂ ನಿಲ್ಲಬೇಡಿ" ಎಂದ.

ಮೇಸ್ತ್ರಿ ಎದುರು ಮಾತಾಡಬೇಕಿತ್ತು. ಮಾತಾಡಲಿಲ್ಲ. ಅವನಿಗೂ ಸಾಕಾಗಿತ್ತು. ಅಷ್ಟು ಭಾರವನ್ನು ಸುಮ್ಮಸುಮ್ಮನೆ ಇಳಿಸಿ ಎತ್ತಿದರೆ ಸೊಂಟ ಬಿದ್ದುಹೋಗುತ್ತದೆ. ಹೂಂ ಎಂದುಬಿಟ್ಟ.

ಅಷ್ಟರಲ್ಲಿ ವರ್ತಕನ ತಮ್ಮ ಬಂದ. ಅವನು ನಸುಕಿನಲ್ಲೇ ಎದ್ದು ಬಾಳೆಎಲೆ, ತೆಂಗಿನಕಾಯಿ ತರಲು ಪಕ್ಕದ ಊರಿನ ಸಂತೆಗೆ ಹೋಗಿದ್ದ. ಈಗಷ್ಟೇ ಬಂದು ಹೊರೆ ಇಳಿಸಿ, ತೋಟದ ಕಡೆ ಮಾತು ಜೋರಾದದ್ದನ್ನು ಕೇಳಿ ಬಂದಿದ್ದ. ತಂದೆ ತೀರಿಕೊಂಡ ಮೇಲೆ ಈ ತಮ್ಮನನ್ನು ವರ್ತಕನೇ ಸಾಕಿದ್ದ. ಹೊಸ ಮನೆಯಲ್ಲಿ ನಡೆಯುವ ಮೊದಲ ಮದುವೆ ಅವನದೇ ಆಗಬೇಕೆಂದು ನಿಶ್ಚಯಿಸಿದ್ದ. ವರ್ತಕ ಕೆಟ್ಟವನಲ್ಲ, ಅಡವಯ್ಯ. ತುಂಬಾ ಪ್ರೀತಿಯ ಮನುಷ್ಯ. ಅವಸರ ಮಾತ್ರ ಸ್ವಲ್ಪ ಹೆಚ್ಚು.

"ಒಂದು ಹೆಗಲು ಕಮ್ಮಿ ತಾನೇ ಅಣ್ಣಾ? ನಾನಿದ್ದೀನಲ್ಲ" ಎಂದ ತಮ್ಮ. ಪಂಚೆ ಎತ್ತಿ ಕಟ್ಟಿದ. ಹಿಂದೆ ಎಡಗಡೆ ಹೋಗಿ ನಿಂತ. ಬೇರೆ ಜಾಗ ಖಾಲಿಯಿರಲಿಲ್ಲ.

ಮನೆ ಕಟ್ಟುವಾಗ ಸುಣ್ಣ ನೆನೆಹಾಕಲು ತೋಡಿದ್ದ ಗುಂಡಿಯೊಂದು ಆ ದಾರಿಯಲ್ಲಿತ್ತು. ತೋಟ ಮಾಡಿದವರು ಅದಕ್ಕೆ ಸಡಿಲ ಮಣ್ಣು ತುಂಬಿ, ಮೇಲೆ ಹುಲ್ಲು ಹಾಸಿದ್ದರು. ನೋಡುವವರಿಗೆ ಸುತ್ತಲಿನ ನೆಲದ ಹಾಗೆಯೇ ಕಾಣುತ್ತಿತ್ತು. ಒಂದು ಹಾರೆ ಹಿಡಿದು ದಾರಿಯುದ್ದಕ್ಕೂ ಚುಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ಎರಡು ಸಲ ನಿಂತಾಗಲೂ ಅವರು ನಿಂತ ನೆಲವನ್ನೇ ನೋಡಿದರು. ಮುಂದೆ ಕಾಲಿಡಬೇಕಾದ ನೆಲವನ್ನು ನೋಡಲಿಲ್ಲ.

ಮೂರನೆಯ ಸಲ ಎತ್ತಿ ನಡೆದರು. ವರ್ತಕ ಕೊಳದ ಕಡೆಗೆ ಮುಂದೆ ಮುಂದೆ ಹೋಗುತ್ತಿದ್ದ. ಮುಂದಿದ್ದವರು ಗುಂಡಿಯ ಅಂಚು ತುಳಿದು ದಾಟಿದರು. ತಮ್ಮನ ಎಡಗಾಲು ಮಾತ್ರ ಹುಲ್ಲಿನೊಳಕ್ಕೆ ಇಳಿಯಿತು. ಮೊಣಕಾಲಿನವರೆಗೆ ಇಳಿಯಿತು, ತೊಡೆಯವರೆಗೆ ಇಳಿಯಿತು.

"ಇಳಿಸಿ!" ಎಂದು ಅವನು ಕೂಗಿದ.

ಉಳಿದ ಐದು ಜನಕ್ಕೂ ಕೇಳಿಸಿತು. ಮತ್ತೆ ಶುರುವಾಯಿತು ಎಂದುಕೊಂಡರು. ಹೆಗಲ ಮೇಲೆ ಭಾರ ಹೊತ್ತವನಿಗೆ ಕತ್ತು ತಿರುಗಿಸಲು ಆಗುವುದಿಲ್ಲ. ವರ್ತಕನೂ ತಿರುಗಿ ನೋಡಲಿಲ್ಲ. ಮೇಸ್ತ್ರಿ "ನಡೀರಿ ನಡೀರಿ" ಎಂದ. ಎಲ್ಲರೂ ಒಂದು ಹೆಜ್ಜೆ ಮುಂದಿಟ್ಟರು.

ಆ ಕೂಗಿಗೆ ಇಳಿಸಿದ್ದರೆ ಕಲ್ಲು ತಮ್ಮನ ಪಕ್ಕದಲ್ಲಿ ನೆಲಕ್ಕೆ ಕೂರುತ್ತಿತ್ತು. ಅವನು ಮಣ್ಣಿನಿಂದ ಕಾಲು ಎಳೆದುಕೊಂಡು ನಗುತ್ತ ಏಳುತ್ತಿದ್ದ. ಅವರು ಹೆಜ್ಜೆ ಇಟ್ಟದ್ದರಿಂದ ಹಿಂದಿನ ಗಳು ಎಡಕ್ಕೆ ವಾಲಿತು. ಹಗ್ಗ ಜಾರಿತು. ಕಲ್ಲು ಅವನ ಎದೆಯ ಮೇಲೆ ಬಂತು. ಹಾರೆ ಹಾಕಿ ಕಲ್ಲನ್ನು ಎತ್ತಿ ಅವನನ್ನು ಹೊರಗೆ ತೆಗೆದರು. ಸಂಜೆಗೆ ಮುಂಚೆ ಅವನು ಹೋಗಿಬಿಟ್ಟ.

ಹಸಿರು ತೋರಣ ಕಟ್ಟಿದ್ದ ಹೊಸ ಮನೆಯ ಜಗಲಿಯ ಮೇಲೆ ಅವನನ್ನು ಮಲಗಿಸಿದ್ದರು. ವರ್ತಕ ತಮ್ಮನ ತಲೆಯ ಬಳಿ ಕೂತಿದ್ದ. ಮೇಸ್ತ್ರಿ ಕಂಬಕ್ಕೆ ಆತು ನಿಂತಿದ್ದ. ವರ್ತಕನ ಹೆಂಡತಿ ಒಳಗಿನಿಂದ ಬಂದಳು. ಅವಳು ಬೆಳಗಿನಿಂದ ಅಡುಗೆಮನೆಯಲ್ಲಿ ಮರುದಿನದ ಅಡುಗೆಗೆ ಅಣಿಮಾಡುತ್ತಿದ್ದಳು. ತೋಟದ ಕಡೆಗೆ ಬಂದಿರಲಿಲ್ಲ. ಕಿಟಕಿಯಿಂದ ಕೂಗು ಮಾತ್ರ ಕೇಳಿಸಿತ್ತು. ಅಳುತ್ತಲೇ ಗಂಡನ ಮೇಲೆ ಹರಿಹಾಯ್ದಳು.

"ಬೆಳಿಗ್ಗೆಯಿಂದ ಇಳಿಸಿ ಇಳಿಸಿ ಅಂತ ಕೂಗ್ತಾನೇ ಇದ್ನಲ್ಲ ಅವನು. ಏನು ಕಷ್ಟ ಅಂತ ಒಂದು ಸಲವಾದ್ರೂ ಹೋಗಿ ನೋಡಬಾರದಾಗಿತ್ತಾ?"

"ಬೆಳಿಗ್ಗೆ ಅವನು ಎಲ್ಲಿದ್ದ? ಸಂತೆಗೆ ಹೋಗಿದ್ನಲ್ಲೇ" ಎಂದ ವರ್ತಕ.

ಅವಳ ಅಳು ನಿಂತಿತು. "ನನ್ನ ಮೈದುನನ ದನಿ ನನಗೆ ಗೊತ್ತಾಗಲ್ವಾ? ಮೂರು ಸಲವೂ ಅವನೇ" ಎಂದಳು.

ವರ್ತಕ ಮೇಸ್ತ್ರಿಯ ಮುಖ ನೋಡಿದ. ಆಳುಗಳು ಪರ ಊರಿನವರು. ಆ ದಿನದವರೆಗೆ ತಮ್ಮನ ದನಿ ಕೇಳಿದವರಲ್ಲ. ಮೂರನೆಯ ಕೂಗನ್ನು ಕೇಳಿದ ಮೇಲೆ ಮೇಸ್ತ್ರಿಗೂ ಅನುಮಾನ ಬಂದಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಈಗ ಕಣ್ಣು ಕೆಳಗೆ ಹಾಕಿ, ಹೌದೆನ್ನುವಂತೆ ತಲೆಯಾಡಿಸಿದ. ವರ್ತಕ ತಮ್ಮನ ಮುಚ್ಚಿದ ಬಾಯಿಯನ್ನೇ ನೋಡುತ್ತ ಕೂತ.

ಗುರುಗಳು ಕತೆ ನಿಲ್ಲಿಸಿದರು. ಹಿತ್ತಿಲಿನಲ್ಲಿ ಉಳಿದ ಶಿಷ್ಯರು ನಾಳೆಯ ಕಲ್ಲಿಗೆ ಹಗ್ಗ ಸುತ್ತುತ್ತಿದ್ದರು. ಅವರ ಮಾತು ಒಳಗೆ ಕೇಳಿಸುತ್ತಿತ್ತು. ಅಡವಯ್ಯ ಆ ಕಡೆ ಒಮ್ಮೆ ನೋಡಿದ. ಕೇಳದೆ ಇರಲಾಗಲಿಲ್ಲ.

"ಬುದ್ಧಿ, ತಮ್ಮ ಅಲ್ಲಿ ಇರಲೇ ಇಲ್ಲವಲ್ಲ. ಹಾಗಾದರೆ ಮೊದಲಿನ ಎರಡು ಸಲ ಕೂಗಿದ್ದು ಯಾರು?"

ಗುರುಗಳು ಹೇಳಿದರು: "ಕಲ್ಲು ಇನ್ನೂ ನಿನ್ನ ಹೆಗಲ ಮೇಲಿದೆ, ನೀನೂ ಯಾರು ಎಂದೇ ಕೇಳುತ್ತಿದ್ದೀಯ."